ಬಿಟ್ಟವಳು ನಕ್ಕರೆ ನಿಮಗೇನು ನಷ್ಟ?

‘ಗಂಡ ಬಿಟ್ಟವಳು’ ಎಂಬ ಮಾತು ಕನ್ನಡದಲ್ಲಿದೆ. ಗಂಡನು ಇವಳನ್ನು ಬಿಟ್ಟನೋ, ಇವಳೇ ಗಂಡನನ್ನು ಬಿಟ್ಟಳೋ? ವ್ಯಾಕರಣ ಬಾಯಿ ಬಿಡುವುದಿಲ್ಲ, ಊರೂ ಕೇಳುವುದಿಲ್ಲ. ಯಾರು ಯಾರನ್ನು ಬಿಟ್ಟರೂ ತಲೆ ತಗ್ಗಿಸಿ ನಡೆಯಬೇಕಾದವಳು ಒಬ್ಬಳೇ ಎಂಬುದು ಮೊದಲೇ ತೀರ್ಮಾನವಾಗಿದೆಯಲ್ಲ! ಹನ್ನೊಂದು ವರ್ಷಗಳಿಂದ ಈ ಹೆಸರನ್ನು ಹೊತ್ತವಳಾದ್ದರಿಂದ ಈ ವಿಷಯದಲ್ಲಿ ಎರಡು ಮಾತಾಡುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ.

ಕಳೆದ ವರ್ಷ ನಮ್ಮ ಕಡೆಯ ಕಲಾಸಂಘವೊಂದರ ವಾರ್ಷಿಕೋತ್ಸವಕ್ಕೆ ಹತ್ತು ನಿಮಿಷದ ಹಾಸ್ಯಭಾಷಣ ಮಾಡಬೇಕೆಂದು ನನ್ನನ್ನು ಕೇಳಿಕೊಂಡರು. ಶಾಲೆಯ ಸ್ಟಾಫ್ ರೂಮಿನಲ್ಲಿ ನಾನು ನಗಿಸುವವಳೆಂದು ಅವರಿಗೆ ಯಾರೋ ಹೇಳಿದ್ದರಂತೆ. ಬರೆದು ಕೊಟ್ಟೆ. ತವರಿಗೆ ಮರಳಿದವಳ ಕಥೆ. ಅಟ್ಟದ ಮೇಲೆ ಧೂಳು ಹಿಡಿದಿದ್ದ ನನ್ನ ಹಳೆಯ ಮಂಚ, ಅದನ್ನು ಇಳಿಸುವಾಗ ಅಣ್ಣ ಬಿಟ್ಟ ನಿಟ್ಟುಸಿರು, ಮದುವೆಮನೆಗಳಲ್ಲಿ ನನ್ನನ್ನು ಯಾವ ಸಾಲಿನಲ್ಲಿ ಕೂರಿಸುವುದೆಂದು ತಿಳಿಯದೆ ಒದ್ದಾಡುವ ಚಿಕ್ಕಮ್ಮಂದಿರು, ಕೋರ್ಟಿನ ಆರು ತಿಂಗಳ ಕಾಯುವಿಕೆ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ ಪರಸ್ಪರ ಸಮ್ಮತಿಯ ವಿಚ್ಛೇದನದಲ್ಲಿ ಆರು ತಿಂಗಳ ಅವಧಿಯೊಂದಿದೆ. ಅದನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ. ನನಗೆ ಆ ಭಾಗ್ಯ ಸಿಗಲಿಲ್ಲ. ಬಿಡುವ ಮುನ್ನ ಆರು ತಿಂಗಳು ಯೋಚಿಸಿ ಎಂದರು. ಕಟ್ಟುವ ಮುನ್ನ ಆರು ದಿನ ಯೋಚಿಸಲು ಯಾರೂ ಬಿಟ್ಟಿರಲಿಲ್ಲ. ಇದನ್ನೇ ಬರೆದಿದ್ದೆ.

ಸಮಿತಿಯ ಹಿರಿಯರೊಬ್ಬರು ಮನೆಗೆ ಬಂದರು. “ಟೀಚರೇ, ಭಾಷಣ ಒಳ್ಳೆದುಂಟು. ಆದರೆ ಈ ವಿಷಯ ಬೇಡ. ಹೆಂಗಸರು ಮಕ್ಕಳು ಬರುವ ಸಭೆ ಅಲ್ವಾ? ಶಾಲೆಯ ಮಕ್ಕಳ ಬಗ್ಗೆ ಏನಾದರೂ ಮಾಡಿ.” ನಾನು ಮಾಡಲಿಲ್ಲ. ಆ ದಿನ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಬಂದ ಅತಿಥಿ ಹಾಸ್ಯಗಾರರು ನಲವತ್ತು ನಿಮಿಷ ಮಾತಾಡಿದರು. ಹೆಂಡತಿಯ ತೂಕ, ಹೆಂಡತಿಯ ಸಾರು, ಹೆಂಡತಿಯ ಶಾಪಿಂಗ್, ಹೆಂಡತಿ ತವರಿಗೆ ಹೋದ ದಿನ ಗಂಡನಿಗೆ ಸ್ವಾತಂತ್ರ್ಯೋತ್ಸವ. ಹೆಂಗಸರು ಮಕ್ಕಳು ಬಿದ್ದು ಬಿದ್ದು ನಕ್ಕರು. ಸತ್ಯ ಹೇಳಬೇಕೆಂದರೆ ಎರಡು ಕಡೆ ನಾನೂ ನಕ್ಕೆ, ಮನುಷ್ಯನಿಗೆ ಕಲೆಯಿತ್ತು.

ನನ್ನ ಪ್ರಶ್ನೆ ಇಷ್ಟೆ. ಸಂಸಾರದ ಗುಟ್ಟನ್ನು ರಟ್ಟು ಮಾಡಬಾರದೆನ್ನುವುದಾದರೆ ಆ ನಲವತ್ತು ನಿಮಿಷ ಯಾರ ಸಂಸಾರದ ಗುಟ್ಟು? ಹೆಂಡತಿ ತವರಿಗೆ ಹೋಗುವುದು ಹಾಸ್ಯವಾದರೆ, ಹೋದವಳು ಅಲ್ಲಿಯೇ ನಿಂತು ನಗುವುದು ಹೇಗೆ ಅಶ್ಲೀಲವಾಯಿತು? ಗುಟ್ಟು ಹೊರಗೆ ಬರುವುದಕ್ಕೆ ನಿಮ್ಮ ಆಕ್ಷೇಪವಿಲ್ಲ. ಅದು ಯಾರ ಬಾಯಿಂದ ಬರುತ್ತದೆ ಎಂಬುದಕ್ಕೆ ಮಾತ್ರ ಆಕ್ಷೇಪ.

ಇದು ನಮ್ಮ ಹಳೆಯ ಚಾಳಿ. ತಾಳಮದ್ದಳೆಯಲ್ಲಿ ‘ಭೀಷ್ಮ ವಿಜಯ’ವೆಂದರೆ ನಮಗೆ ಪ್ರಾಣ. ಸ್ವಯಂವರದಿಂದ ಎಳೆದು ತಂದವನೂ ಒಲ್ಲೆನೆಂದ, ಪ್ರೀತಿಸಿದವನೂ ಒಲ್ಲೆನೆಂದ. ಎರಡೂ ಮನೆಯ ಬಾಗಿಲು ಮುಚ್ಚಿದ ಅಂಬೆಯ ಮಾತನ್ನು ನಾವು ನಡುರಾತ್ರಿಯವರೆಗೆ ಕಣ್ಣೊರೆಸಿಕೊಳ್ಳುತ್ತ ಕೇಳುತ್ತೇವೆ. ಆದರೆ ಹೆಚ್ಚಿನಂಶ ಆ ಮಾತಾಡುವವರು ಪಂಚೆಯುಟ್ಟು ಶಾಲು ಹೊದ್ದ ಗಂಡಸರು. ಅಂಬೆಯೇ ಎದ್ದು ಬಂದು, ಭೀಷ್ಮನ ಪ್ರತಿಜ್ಞೆಯ ಬಗ್ಗೆ ಒಂದು ತಮಾಷೆ ಮಾಡಿದರೆ ಸಭೆಯಲ್ಲಿ ಎಷ್ಟು ಮಂದಿ ಉಳಿಯುತ್ತಾರೋ! ಮಲಯಾಳದ ಮಿತ್ರರು ನಗುವ ಅಗತ್ಯವಿಲ್ಲ. ರಾಜನನ್ನೂ ಬಿಡದೆ ಹೀಯಾಳಿಸುವ ಹಕ್ಕನ್ನು ನಿಮ್ಮ ಕೂತಂಬಲವು ಚಾಕ್ಯಾರನಿಗೆ ಕೊಟ್ಟಿತು. ನಂಙ್ಯಾರಮ್ಮನಿಗೂ ಏಕಾಂಗಿಯಾಗಿ ಆಡುವ ಕೂತ್ತು ಇದೆ, ನಿಜ. ಆದರೆ ವಿದೂಷಕನ ನಾಲಿಗೆಯನ್ನು ಮಾತ್ರ ಅವಳಿಗೆ ಕೊಡಲಿಲ್ಲ.

ಬೇರೆ ದೇಶದಲ್ಲಿ ಏನಾಯಿತೆಂದು ನೋಡೋಣ. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಸೌತ್ ಶೀಲ್ಡ್ಸ್ ಎಂಬ ಊರಿದೆ, ಕಲ್ಲಿದ್ದಲಿನ ಸೀಮೆ. ಅಲ್ಲಿ 1975ರಲ್ಲಿ ಹುಟ್ಟಿದ ಸಾರಾ ಮಿಲ್ಲಿಕನ್ ಎಂಬವಳನ್ನು ಮೂವತ್ತರ ಹೊಸ್ತಿಲಲ್ಲಿ ಗಂಡ ಬಿಟ್ಟುಹೋದ. ಅವಳು ತಂದೆತಾಯಿಯ ಮನೆಗೆ ಮರಳಿದಳು. (ಹಳೆಯ ಮಂಚ ಅಲ್ಲಿಯೂ ಇದ್ದಿರಬೇಕು!) ಅಲ್ಲಿಂದಲೇ ಹಾಸ್ಯದ ವೇದಿಕೆ ಹತ್ತಿದಳು. ತನ್ನ ವಿಚ್ಛೇದನವನ್ನೇ ವಸ್ತುವಾಗಿಸಿಕೊಂಡ ಅವಳ ಮೊದಲ ಏಕಾಂಗಿ ಪ್ರದರ್ಶನಕ್ಕೆ 2008ರ ಎಡಿನ್‌ಬರೋ ಉತ್ಸವದಲ್ಲಿ ಅತ್ಯುತ್ತಮ ಹೊಸ ಪ್ರತಿಭೆಯ ಪ್ರಶಸ್ತಿ ಬಂತು. ಒಬ್ಬಳೇ ಹೆಂಗಸು, ಒಂದು ಮೈಕು, ಒಂದು ಗಂಟೆ. ನನ್ನ ಅಣ್ಣನಂಥವರು, ನನ್ನ ಚಿಕ್ಕಮ್ಮನಂಥವರು ಟಿಕೆಟು ಕೊಂಡು ಬಂದು ಕೇಳಿದರು.

ಈಚಿನ ಹೆಸರು ಬೇಕಾದರೆ ಅಮೆರಿಕದ ಆಲಿ ವಾಂಗ್. ಚೀನಾ ಮತ್ತು ವಿಯೆಟ್ನಾಂ ಮೂಲದ ಮನೆತನದವಳು. 2016ರಲ್ಲಿ ಏಳು ತಿಂಗಳ ಬಸುರಿಯಾಗಿ ವೇದಿಕೆಯ ಮೇಲೆ ನಿಂತು ಸಂಸಾರದ ಬಗ್ಗೆ ನಗಿಸಿದಳು. 2018ರಲ್ಲಿ ಎರಡನೆಯ ಬಸುರಿನಲ್ಲಿಯೂ ನಗಿಸಿದಳು. 2022ರಲ್ಲಿ ಗಂಡನಿಂದ ಬೇರೆಯಾದಳು. 2024ರಲ್ಲಿ ‘ಸಿಂಗಲ್ ಲೇಡಿ’ ಎಂಬ ಪ್ರದರ್ಶನದಲ್ಲಿ ವಿಚ್ಛೇದನದ ನಂತರದ ಬದುಕನ್ನು, ಹೊಸ ಗಂಡಸರ ಪರಿಚಯವನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. 2025ರ ಜನವರಿಯಲ್ಲಿ ಅದಕ್ಕೆ ಗೋಲ್ಡನ್ ಗ್ಲೋಬ್ ಪ್ರಶಸ್ತಿಯೂ ಬಂತು. ಅದನ್ನು ನೆಟ್‌ಫ್ಲಿಕ್ಸಿನಲ್ಲಿ ನೋಡಿದೆ. ಮಾತು ಬಹಳ ಹಸಿ. ನಮ್ಮ ಸಭೆಯಲ್ಲಿ ಅದೇ ಮಾತುಗಳನ್ನು ನಾನೂ ಆಡಲಾರೆ, ಆಡಬೇಕೆಂಬ ಆಸೆಯೂ ಇಲ್ಲ. ಅವಳನ್ನು ‘ಧೀರೆ’ ಎಂದು ಹೊಗಳುವ ನಮ್ಮ ಪ್ರಗತಿಪರ ಮಿತ್ರರ ಉತ್ಸಾಹವೂ ನನಗೆ ಅರ್ಥವಾಗುವುದಿಲ್ಲ. ಕೈಯಲ್ಲಿ ಹಣ, ಹೆಸರು ಎರಡೂ ಇದ್ದವಳಿಗೆ ಅಣ್ಣನ ನಿಟ್ಟುಸಿರಿನ ಭಯವಿಲ್ಲ. ಆದ್ದರಿಂದ ನಾನು ಮಿಲ್ಲಿಕನ್ನಳ ಪಕ್ಷ. ಆದರೂ ವಾಂಗ್ ಒಂದು ಕೆಲಸ ಮಾಡಿದ್ದಾಳೆ: ಮಾಜಿ ಗಂಡನನ್ನು ಜರೆಯುವುದನ್ನೇ ಬಂಡವಾಳ ಮಾಡಿಕೊಳ್ಳಲಿಲ್ಲ. ಖಳನಾಯಕನಿಲ್ಲದೆಯೂ ಮದುವೆ ಮುಗಿಯಬಹುದು, ಮುಗಿದ ಮೇಲೆಯೂ ಹೆಂಗಸಿಗೆ ಆಸೆ, ಹಸಿವು, ನಗು ಉಳಿಯಬಹುದು ಎಂದಳು. ನಮ್ಮವರಿಗೆ ನುಂಗಲಾಗದ ತುತ್ತು ಇದೇ.

ಏಕೆಂದರೆ ಬಿಟ್ಟವಳು ಅತ್ತರೆ ನಮಗೆ ತೊಂದರೆಯಿಲ್ಲ. ಅಳುವವಳಿಗೆ ಹೆಗಲು ಕೊಡಬಹುದು, ಕಥೆ ಬರೆಯಬಹುದು. ಈ ವಿಶೇಷಾಂಕದ ಹಳೆಯ ಸಂಚಿಕೆಗಳನ್ನೇ ತೆಗೆದು ನೋಡಿ. ಎರಡೂ ಭಾಷೆಯ ಕಥೆಗಳಲ್ಲಿ ಗಂಡನಿಂದ ದೂರವಾದವಳು ಒಂದೋ ಬಾವಿಗೆ ಬೀಳುತ್ತಾಳೆ, ಇಲ್ಲ ಹೊಲಿಗೆಯಂತ್ರದ ಮುಂದೆ ಸವೆಯುತ್ತಾಳೆ, ಇಲ್ಲವೇ ಕೊನೆಯ ಪುಟದಲ್ಲಿ ಸಜ್ಜನ ವಿಧುರನೊಬ್ಬನ ಕೈಗೆ ಒಪ್ಪಿಸಲ್ಪಡುತ್ತಾಳೆ. ಬರೆದವರು ನೀವು, ಅಚ್ಚು ಹಾಕಿದವರು ಸಂಪಾದಕರು, ಓದಿ ಕಣ್ಣೀರು ಹಾಕಿದವಳು ನಾನು. ಮೂವರೂ ತಪ್ಪಿತಸ್ಥರು.

ಕಾಸರಗೋಡಿನ ಮಗಳು ಸಾರಾ ಅಬೂಬಕ್ಕರ್ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಬರೆದರು. ಅಪ್ಪನ ಹಟಕ್ಕೆ ತಲಾಖಿನ ಬಲೆಗೆ ಸಿಕ್ಕಿದ ನಾದಿರಾ ಕೊನೆಗೆ ನೀರಿಗೇ ಶರಣಾಗುತ್ತಾಳೆ. ಆ ಕಾಲದಲ್ಲಿ ಆ ಕಥೆಯನ್ನು ಹೇಳುವುದೇ ಯುದ್ಧವಾಗಿತ್ತು. ಅದಕ್ಕೆ ಲೇಖಕಿ ತೆತ್ತ ಬೆಲೆ ಎಲ್ಲರಿಗೂ ಗೊತ್ತು. 2023ರಲ್ಲಿ ತೀರಿಕೊಂಡ ಆ ಹಿರಿಯರ ಬಗ್ಗೆ ನನಗೆ ಗೌರವವಲ್ಲದೆ ಬೇರೇನೂ ಇಲ್ಲ. ನನ್ನ ತಕರಾರು ಅವರೊಂದಿಗಲ್ಲ, ಅವರ ನಂತರ ನಾಲ್ಕು ದಶಕ ಕಳೆದರೂ ನಾದಿರಾಳನ್ನು ನೀರಿನಿಂದ ಮೇಲೆತ್ತದೆ, ದಡದಲ್ಲಿ ನಿಂತು ಶೋಕಗೀತೆ ಹಾಡುತ್ತಿರುವ ನಮ್ಮೊಂದಿಗೆ. ಈಜಿ ದಡ ಸೇರಿದವರು ನಮ್ಮೂರಲ್ಲಿ ಎಷ್ಟು ಮಂದಿಯಿಲ್ಲ? ಬೀಡಿ ಕಟ್ಟಿ, ಅಂಗನವಾಡಿಯಲ್ಲಿ ದುಡಿದು ಮಕ್ಕಳನ್ನು ಓದಿಸಿದವರು. ಬಸ್‌ಸ್ಟಾಂಡಿನಲ್ಲಿ ಸಿಕ್ಕಾಗ ಅವರು ಆಡುವ ತಮಾಷೆಯ ಕಾಲಂಶ ನಿಮ್ಮ ವೇದಿಕೆಗೆ ಬಂದರೆ ಆ ಅತಿಥಿ ಹಾಸ್ಯಗಾರರಿಗೆ ಕೆಲಸವಿರುವುದಿಲ್ಲ.

“ವಿಚ್ಛೇದನವನ್ನು ನಗೆಯ ವಿಷಯ ಮಾಡಿದರೆ ಕುಟುಂಬ ಒಡೆಯುತ್ತದೆ, ಇದು ನಮ್ಮ ಸಂಸ್ಕೃತಿಯಲ್ಲ” ಎನ್ನುವವರಿದ್ದಾರೆ. ಯಾರ ಸಂಸ್ಕೃತಿ, ಮಾಷ್ಟ್ರೇ? ನಾವು ಮದ್ರಾಸ್ ಪ್ರಾಂತ್ಯದ ಪ್ರಜೆಗಳಾಗಿದ್ದ ಕಾಲದಲ್ಲಿ, 1933ರಲ್ಲಿ ಜಾರಿಗೆ ಬಂದ ಮದ್ರಾಸ್ ಮರುಮಕ್ಕತ್ತಾಯಂ ಕಾಯ್ದೆಯಲ್ಲಿ, ಗಂಡಹೆಂಡಿರು ಒಪ್ಪಿ ಒಂದು ಪತ್ರ ನೋಂದಾಯಿಸಿದರೆ ಮದುವೆ ಮುಗಿಯುತ್ತಿತ್ತು. ತರವಾಡಿನ ಯಜಮಾನಿಕೆ ಕಾರಣವರದೇ ಆಗಿತ್ತು, ಹೆಣ್ಣಿಗೆ ಅಲ್ಲಿ ಸ್ವರ್ಗವಿತ್ತೆಂದು ನಾನು ಹೇಳುವುದಿಲ್ಲ. ಆದರೆ ಬಿಟ್ಟವಳ ತಲೆಯ ಮೇಲೆ ಛಾವಣಿಯಿತ್ತು. ಅದು ಅವಳ ತಾಯಿಯ ಮನೆ. ನೀವು ಸನಾತನವೆನ್ನುವ ನಾಚಿಕೆ ಈ ಮಣ್ಣಿನ ಹಲವು ಮನೆಗಳಿಗೆ ಇತ್ತೀಚೆಗೆ ಬಂದ ಬಾಡಿಗೆದಾರ.

ನನ್ನ ಭಾಷಣದ ಕೊನೆಯ ಭಾಗ, ಸಮಿತಿಯ ಹಿರಿಯರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದು, ಇದು: ಕೋರ್ಟಿನ ಕಾಗದ ಮಲಯಾಳದಲ್ಲಿತ್ತು. ಅಮ್ಮನಿಗೆ ಕನ್ನಡ ಮಾತ್ರ ಓದಲು ಬರುತ್ತದೆ. “ಏನಂತೆ ಮಗಳೇ?” ಎಂದರು. ‘ವಿವಾಹಮೋಚನಂ’ ಎಂದು ಓದಿ ಹೇಳಿದೆ. ಕನ್ನಡ ಕತ್ತರಿಸುವುದನ್ನು ಮಲಯಾಳ ಬಿಡುಗಡೆ ಮಾಡುತ್ತದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೋಚನವಾ? ಹಾಗಾದರೆ ಪಾಯಸ ಮಾಡಬೇಕಲ್ಲ!” ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮೂರು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಕೇಳಿಸಿದ ಮೊದಲ ನಗು ಅದು. ಅಣ್ಣ ಒಳಗಿನಿಂದ ಬಂದು ಯಾರು ಸತ್ತರೆಂದು ಕೇಳಿದ. ನಗುವನ್ನು ಅಳುವೆಂದು ತಿಳಿದಿದ್ದ.

ಈ ವರ್ಷವೂ ಅದೇ ಸಂಘದಿಂದ ಆಮಂತ್ರಣ ಬಂದಿದೆ, ಹತ್ತು ನಿಮಿಷದ ಹಾಸ್ಯಕ್ಕೆ. ಹೋದ ವರ್ಷದ ಅದೇ ಭಾಷಣವನ್ನು, ಕೆಂಪು ಶಾಯಿಯ ಭಾಗವೂ ಸೇರಿದಂತೆ, ಓದುವುದಾದರೆ ಮಾತ್ರ ಬರುತ್ತೇನೆಂದು ಬರೆದಿದ್ದೇನೆ. ಅಮ್ಮನಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಬೇಕೆಂದೂ ಸೇರಿಸಿದ್ದೇನೆ. ಕಾಗದ ಹಾಕಿ ಇಪ್ಪತ್ತು ದಿನವಾಯಿತು, ಉತ್ತರ ಬಂದಿಲ್ಲ.