ಅಜ್ಜಯ್ಯನ ಲೆಕ್ಕದಲ್ಲಿ ಕಡವೆ ಎಷ್ಟು?

ಗಸ್ತು ಅರಣ್ಯ ಪಾಲಕ ಹುದ್ದೆಗೆ ಓದುತ್ತಿದ್ದೇನೆ ಎಂದು ಹೇಳಿದ ದಿನ ಮನೆಯಲ್ಲಿ ಎಲ್ಲರೂ ನಕ್ಕರು. ಅಜ್ಜಯ್ಯ ಮಾತ್ರ ನಗಲಿಲ್ಲ. ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆಯೆತ್ತಿ, ‘ಬೇಟೆ ಆಡಿದವನ ಮೊಮ್ಮಗ ಕಾಡು ಕಾಯೋಕೆ ಹೋಗ್ತಾನಂತೆ. ಹೋಗ್ಲಿ ಬಿಡಿ, ಒಂದು ಸಾಲ ತೀರುತ್ತೆ’ ಎಂದರು.

ನಮ್ಮದು ಚಿಕ್ಕಮಗಳೂರು ತಾಲ್ಲೂಕಿನಲ್ಲಿ, ಭದ್ರಾ ಅಭಯಾರಣ್ಯದ ಅಂಚಿನ ಊರು. ಮನೆಯ ಹಿಂದೆ ಕಾಫಿ ತೋಟ, ಅದರ ಆಚೆ ಕಾಡು. ಅಜ್ಜಯ್ಯನಿಗೆ ಈಗ 84. ಅವರ ಪ್ರಾಯದ ಕಾಲದಲ್ಲಿ ಈಡಿಗೆ ಹೋಗುವುದು ಗದ್ದೆ ಕೆಲಸದಷ್ಟೇ ಸಾಮಾನ್ಯವಾಗಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕಾಯ್ದೆ ಬಂದ ಮಾರನೇ ದಿನವೇ ಕೋವಿ ಗೂಡು ಸೇರಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಊರಲ್ಲಿ ಬೇಟೆ ನಿಲ್ಲಲು ಇನ್ನೂ ಹತ್ತಿಪ್ಪತ್ತು ವರ್ಷ ಹಿಡಿಯಿತು. ಈಗ ಉಳಿದಿರುವುದು ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂದು ಹಳೇ ಕೋವಿ. ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ವಾಪಸ್ ತರುವುದಷ್ಟೇ ಅದರ ಓಡಾಟ.

ಊರಿನ ಟೀ ಅಂಗಡಿಯಲ್ಲಿ ಆಗಾಗ ಒಂದು ಚರ್ಚೆ ನಡೆಯುತ್ತದೆ. ‘ಜಿಂಕೆ ವಿಪರೀತ ಜಾಸ್ತಿಯಾಗಿವೆ ಮಾರಾಯ. ಮೊದಲು ನೋಡೋಕೂ ಸಿಗ್ತಿರಲಿಲ್ಲ, ಈಗ ರಸ್ತೇಲೇ ನಿಂತಿರ್ತವೆ. ಒಂದೆರಡು ವರ್ಷ ಹೊಡೆಯೋಕೆ ಬಿಟ್ಟರೆ ಸರಿ ಹೋಗ್ತದೆ’ ಎಂದು ಒಬ್ಬರು ಶುರು ಮಾಡುತ್ತಾರೆ. ಹಿಂದೆ ಬೇಟೆಗೆ ಹೋಗುತ್ತಿದ್ದ ನಾಲ್ಕೈದು ಜನ ಹೌದೆನ್ನುತ್ತಾರೆ. ನಮ್ಮ ವಯಸ್ಸಿನವರು ಮೊಬೈಲ್‌ನಲ್ಲಿ ತೆಗೆದ ವಿಡಿಯೊ ತೋರಿಸುತ್ತಾರೆ. ಅಲ್ಲಿಗೆ ಊರಿನ ಮಟ್ಟಿಗೆ ಜಿಂಕೆ ಗಣತಿ ಮುಗಿಯಿತು!

ನಾನೂ ಹಾಗೇ ನಂಬಿದ್ದೆ. ಪರೀಕ್ಷೆಗೆ ಓದುವಾಗ ಅನುಮಾನ ಬಂದು ಒಂದು ಸಂಜೆ ಅಜ್ಜಯ್ಯನನ್ನೇ ಕೇಳಿದೆ: ‘ಜಿಂಕೆ ಜಾಸ್ತಿಯಾಗಿವೆಯಂತೆ, ನೀವೇನು ಹೇಳ್ತೀರಿ?’

ಅವರು ನನಗೇ ತಿರುಗಿ ಪ್ರಶ್ನೆ ಹಾಕಿದರು. ‘ಯಾವ ಜಿಂಕೆ?’

ಆಗ ನಾಚಿಕೆಯಾಯಿತು. ಬಿ.ಎಸ್ಸಿ. ಓದಿದ ನಾನು ಎಲ್ಲವನ್ನೂ ‘ಜಿಂಕೆ’ ಎಂಬ ಒಂದೇ ಪದದಲ್ಲಿ ಮುಗಿಸಿದ್ದೆ. ಮೂರನೇ ತರಗತಿಗೇ ಶಾಲೆ ಬಿಟ್ಟ ಅವರು ಬೆರಳು ಮಡಚುತ್ತಾ ಒಂದೊಂದನ್ನೇ ಬೇರೆ ಮಾಡಿ ಹೇಳಿದರು. ಚುಕ್ಕೆ ಜಿಂಕೆ ಹೆಚ್ಚಾಗಿವೆ, ಅದರಲ್ಲಿ ಅನುಮಾನವಿಲ್ಲ. ಕಾಡಿನೊಳಗಿದ್ದ ಹಳ್ಳಿಗಳು ಖಾಲಿಯಾಗಿ ಗದ್ದೆಗಳೆಲ್ಲ ಹುಲ್ಲಾದ ಮೇಲೆ ಇನ್ನೂ ಹೆಚ್ಚಾದವು. ಕಡವೆ ಅಷ್ಟಿಲ್ಲ. ಕಾಡುಕುರಿಯ ಬೊಗಳು ಮೊದಲಿನಷ್ಟು ಕೇಳುವುದಿಲ್ಲ. ಇನ್ನು ಬರ್ಕ, ಮೊಲದಷ್ಟೇ ದೊಡ್ಡದಿರುವ, ಕೊಂಬಿಲ್ಲದ, ರಾತ್ರಿ ಮಾತ್ರ ಹೊರಬರುವ ಆ ಪುಟ್ಟ ಪ್ರಾಣಿಯನ್ನು ನಮ್ಮ ತೋಟದ ಸುತ್ತ ಅವರು ಕೊನೆಯ ಸಲ ನೋಡಿದ್ದು ನಮ್ಮಪ್ಪ ಹೈಸ್ಕೂಲಿನಲ್ಲಿದ್ದಾಗ. ‘ನೋಡಿದ್ದು ಅಂದ್ರೆ...’ ಎಂದು ಅಷ್ಟಕ್ಕೇ ನಿಲ್ಲಿಸಿದರು. ಮುಂದಿನದು ನನಗೆ ಅರ್ಥವಾಯಿತು.

ಈ ಉತ್ತರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇದು ಎಷ್ಟು ನಿಜ? ಬೇಟೆಗಾರನ ಮಾತನ್ನು ಎಷ್ಟು ನಂಬಬಹುದು?

ನಂಬಲು ಕಾರಣಗಳಿವೆ. ಬೇಟೆಗಾರ ಕಾಡಿಗೆ ಹೋಗುತ್ತಿದ್ದುದು ಫೋಟೊ ತೆಗೆಯಲು ಅಲ್ಲ. ಯಾವ ಹಳ್ಳದಲ್ಲಿ ಯಾವ ತಿಂಗಳು ನೀರಿರುತ್ತದೆ, ಯಾವ ಮರದ ಹಣ್ಣು ಬಿದ್ದಾಗ ಯಾವ ಪ್ರಾಣಿ ಬರುತ್ತದೆ, ಹೆಜ್ಜೆ ಹಸಿಯೋ ಹಳತೋ ಎಂದು ತಿಳಿಯದಿದ್ದರೆ ರಾತ್ರಿಯಿಡೀ ಮರಸು ಕೂತರೂ ಬರಿಗೈಯಲ್ಲಿ ಮನೆಗೆ ಬರಬೇಕಿತ್ತು. ವಿಜ್ಞಾನಿಗಳೂ ಈ ತಿಳಿವಳಿಕೆಯನ್ನು ತಳ್ಳಿಹಾಕಿಲ್ಲ. ಎಂ.ಡಿ. ಮಧುಸೂದನ್ ಮತ್ತು ಉಲ್ಲಾಸ ಕಾರಂತರು 2002ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಕುದುರೆಮುಖದ ಸುತ್ತಲಿನ ಬೇಟೆಗಾರರನ್ನೇ ಮಾತನಾಡಿಸಲಾಗಿತ್ತು. ಹಾಲಿ ಬೇಟೆಗಾರರು, ಬೇಟೆ ಬಿಟ್ಟವರು ಇಬ್ಬರೂ ಅದರಲ್ಲಿದ್ದರು. ನಾಗರಹೊಳೆಯಲ್ಲಿ ಕಾವಲು ಚೆನ್ನಾಗಿರುವ ಜಾಗವನ್ನೂ ಬೇಟೆಯ ಒತ್ತಡವಿದ್ದ ಜಾಗವನ್ನೂ ಹೋಲಿಸಿದರು. ಒತ್ತಡವಿದ್ದಲ್ಲಿ ದೊಡ್ಡ ಪ್ರಾಣಿಗಳ ಸಾಂದ್ರತೆ ಕಡಿಮೆಯಿತ್ತು. ಅಂದರೆ ಊರೊಟ್ಟಿನ ಬೇಟೆ, ಹಬ್ಬದ ಬೇಟೆ, ನಾಲಗೆ ಚಪಲದ ಬೇಟೆ ಎಂದು ನಾವು ಹಗುರವಾಗಿ ಹೇಳುವುದೆಲ್ಲ ಸೇರಿ ಒಂದು ಕಾಡನ್ನು ಬರಿದು ಮಾಡಬಲ್ಲದು.

ನಂಬದಿರಲೂ ಕಾರಣಗಳಿವೆ. ಮೊದಲನೆಯದು, ಬೇಟೆಗಾರನಿಗೆ ನೆನಪಿರುವುದು ಈಡು ಬಿದ್ದ ದಿನಗಳು. ಖಾಲಿ ಬಂದ ರಾತ್ರಿಗಳನ್ನು ಯಾರೂ ಕತೆ ಮಾಡಿ ಹೇಳುವುದಿಲ್ಲ. ಎರಡನೆಯದು, ನಾವು ನೋಡುವ ಜಾಗ. ಚುಕ್ಕೆ ಜಿಂಕೆ ಹಿಂಡಿನಲ್ಲಿ ಬದುಕುವ, ಹುಲ್ಲಿನ ಬಯಲು ಮತ್ತು ಕಾಡಿನ ಅಂಚನ್ನು ಇಷ್ಟಪಡುವ ಪ್ರಾಣಿ. ಹಗಲಲ್ಲೇ ಮೇಯುತ್ತದೆ. ರಸ್ತೆ ಬದಿಯಲ್ಲಿ ಕಳೆ ಸವರಿ ಹೊಸ ಹುಲ್ಲು ಚಿಗುರಿದರೆ ಅಲ್ಲಿಗೇ ಬರುತ್ತದೆ. ಕಡವೆ ಹಾಗಲ್ಲ. ಒಂಟಿಯಾಗಿಯೋ ಎರಡು ಮೂರರ ಗುಂಪಿನಲ್ಲೋ ಇದ್ದು, ಕತ್ತಲಾದ ಮೇಲೆ ಹೊರಡುತ್ತದೆ. ಆದ್ದರಿಂದ ರಸ್ತೆಯಲ್ಲಿ 20 ಜಿಂಕೆ ಕಂಡವನಿಗೆ ಕಾಡಿನ ಒಳಗಿನ ಸ್ಥಿತಿ ಗೊತ್ತಾಗಿದೆ ಎಂದು ಹೇಳಲಾಗದು.

ಮೂರನೆಯದು ನಮ್ಮ ಪೀಳಿಗೆಗೇ ಅಂಟಿದ್ದು. ಡೇನಿಯಲ್ ಪೌಲಿ ಎಂಬ ಮೀನು ವಿಜ್ಞಾನಿ 1995ರಲ್ಲಿ ಬರೆದ ಒಂದು ಪುಟ್ಟ ಲೇಖನದಲ್ಲಿ ಹೇಳಿದ್ದು ಇದು: ಪ್ರತಿ ಪೀಳಿಗೆಯೂ ತಾನು ಮೊದಲು ಕಂಡದ್ದನ್ನೇ ಸಹಜ ಸ್ಥಿತಿ ಎಂದುಕೊಳ್ಳುತ್ತದೆ, ಅಲ್ಲಿಂದ ಮುಂದಿನ ಏರಿಳಿತವನ್ನಷ್ಟೇ ಲೆಕ್ಕ ಹಾಕುತ್ತದೆ. ಟೀ ಅಂಗಡಿಯಲ್ಲಿ ‘ಮೊದಲು ನೋಡೋಕೂ ಸಿಗ್ತಿರಲಿಲ್ಲ’ ಎಂದವರಿಗೆ 50 ವರ್ಷ. ಅವರ ‘ಮೊದಲು’ ಎಂದರೆ 1980ರ ದಶಕ, ಅಂದರೆ ಹೊಡೆದು ಹೊಡೆದು ಕಾಡು ಬರಿದಾಗಿದ್ದ ಕಾಲ. ಅಜ್ಜಯ್ಯನ ‘ಮೊದಲು’ ಅದಕ್ಕಿಂತ 25 ವರ್ಷ ಹಿಂದಿನದು. ಹಾಗಾಗಿ ಒಂದೇ ಕಾಡನ್ನು ನೋಡಿ ಒಬ್ಬರು ಹೆಚ್ಚಾಯಿತು ಎನ್ನುತ್ತಾರೆ, ಇನ್ನೊಬ್ಬರು ಇನ್ನೂ ತುಂಬಿಲ್ಲ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಹಾಗಾದರೆ ಎಣಿಸುವುದು ಹೇಗೆ? ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಯಲ್ಲಿ ಹುಲಿಯ ಆಹಾರವಾದ ಪ್ರಾಣಿಗಳನ್ನೂ ಎಣಿಸುತ್ತಾರೆ. ಕಾಡಿನಲ್ಲಿ ಸುಮಾರು 2 ಕಿ.ಮೀ. ಉದ್ದದ ನೇರ ಗೆರೆ ಗುರುತಿಸಿ, ಬೆಳಕು ಹರಿಯುವ ಹೊತ್ತಿಗೆ ಸದ್ದಿಲ್ಲದೆ ನಡೆಯಬೇಕು. ಪ್ರಾಣಿ ಕಂಡರೆ ಯಾವುದು, ಎಷ್ಟು, ಎಷ್ಟು ದೂರ, ಯಾವ ಕೋನದಲ್ಲಿ ಎಂದು ಬರೆದುಕೊಳ್ಳಬೇಕು. ದೂರ ಏಕೆಂದರೆ, ಹತ್ತಿರದ ಪ್ರಾಣಿ ಸುಲಭವಾಗಿ ಕಾಣುತ್ತದೆ, ದೂರದ್ದು ತಪ್ಪಿಹೋಗುತ್ತದೆ. ಎಷ್ಟು ದೂರಕ್ಕೆ ಎಷ್ಟು ತಪ್ಪುತ್ತದೆ ಎಂಬುದನ್ನು ಅಂದಾಜಿಸಿದರೆ ಕಾಣದೆ ಉಳಿದದ್ದನ್ನೂ ಲೆಕ್ಕಕ್ಕೆ ತರಬಹುದು. ಸಂಖ್ಯಾಶಾಸ್ತ್ರ ಓದುತ್ತಿರುವ ಗೆಳೆಯರಿಗೆ ಇದರ ಸೊಗಸು ಬೇಗ ಅರ್ಥವಾದೀತು. ನಾಗರಹೊಳೆಯ ಒಳ್ಳೆಯ ಕಾವಲಿದ್ದ ಭಾಗದಲ್ಲಿ ಹೀಗೆ ಎಣಿಸಿದಾಗ ಒಂದು ಚದರ ಕಿ.ಮೀ.ಗೆ ಸುಮಾರು 50 ಚುಕ್ಕೆ ಜಿಂಕೆ ಸಿಕ್ಕಿದ್ದವು. ಕಡವೆ ಅದರ ಹತ್ತರಲ್ಲಿ ಒಂದು ಪಾಲಿನಷ್ಟು. ಈ ಅನುಪಾತ ನೋಡಿದಾಗ ಅಜ್ಜಯ್ಯ ‘ಯಾವ ಜಿಂಕೆ?’ ಎಂದು ಕೇಳಿದ್ದು ನೆನಪಾಯಿತು.

‘ಜಾಸ್ತಿ’ ಎಂಬ ಪದವೂ ಸರಳವಲ್ಲ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು. ಆ 50 ಪ್ರತಿ ವರ್ಷ ಸಿಗಬೇಕಾದರೆ ಅದರ ಸುತ್ತ ಸುಮಾರು 500 ಇರಬೇಕು. ನಮ್ಮ ಕಣ್ಣಿಗೆ ವಿಪರೀತ ಎನಿಸಿದ್ದು ಹುಲಿಯ ಸಂಸಾರಕ್ಕೆ ಸಾಲದೇ ಇರಬಹುದು. ಜಿಂಕೆ ಕಡಿಮೆಯಾದರೆ ಚಿರತೆ, ಹುಲಿ ಯಾರ ಕೊಟ್ಟಿಗೆಗೆ ಬರುತ್ತವೆ ಎಂಬುದನ್ನು ಕಾಡಂಚಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟು ಬರೆದು ಸುಮ್ಮನಾದರೆ ನನ್ನ ರೂಮ್‌ಮೇಟ್ ನನ್ನನ್ನು ಬಿಡುವುದಿಲ್ಲ. ಅವನು ಗದಗ ಕಡೆಯವನು. ಅವರ ಹೊಲದಲ್ಲಿ ಹೆಸರು, ಶೇಂಗಾ ಮೊಳಕೆಯೊಡೆಯುವಾಗ ಚಿಗರಿ ಹಿಂಡು ಇಳಿಯುತ್ತದೆ. ‘ನಿಮಗ ಅದು ಚಂದದ ಪ್ರಾಣಿ. ನಮ್ಮಪ್ಪ ಎರಡು ಸಲ ಬಿತ್ತಬೇಕು, ಬೀಜದ ರೊಕ್ಕ ಯಾರು ಕೊಡ್ತಾರ?’ ಎಂದು ಕೇಳುತ್ತಾನೆ. ಚಿಗರಿ ಅಂದರೆ ಕೃಷ್ಣಮೃಗ, ಅದು ಜಿಂಕೆಯ ಜಾತಿಯಲ್ಲ, ಜಿಂಕೆಯಂತೆ ಅದರ ಕೊಂಬು ವರ್ಷಕ್ಕೊಮ್ಮೆ ಉದುರುವುದಿಲ್ಲ ಎಂದೆಲ್ಲ ನಾನು ಪಾಠ ಹೇಳಬಹುದು. ಅದರಿಂದ ಅವರಪ್ಪನ ಬೀಜದ ದುಡ್ಡು ವಾಪಸ್ ಬರುವುದಿಲ್ಲ. ಕೃಷ್ಣಮೃಗಕ್ಕೆಂದೇ 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯವಾಯಿತು. ಆದರೆ ಬಯಲು ಸೀಮೆಯ ಚಿಗರಿಗಳಿಗೆ ಅಭಯಾರಣ್ಯದ ಗಡಿ ಗೊತ್ತಿಲ್ಲ. ರೈತನ ಸಿಟ್ಟು ನ್ಯಾಯವಾದದ್ದು. ಅವನಿಗೆ ಸರಿಯಾದ ಪರಿಹಾರ ಬೇಗ ಸಿಗಬೇಕು. ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಸಬಾರದು.

ಕೋವಿಯಿಂದ ಪರಿಹಾರ ಸಿಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಬೆಳೆ ಹಾನಿಯ ಕಾರಣಕ್ಕೆ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲ್‌ಗಾಯ್‌ಗಳನ್ನು ಪೀಡಕ ಪ್ರಾಣಿ ಎಂದು ಕೇಂದ್ರ ಸರ್ಕಾರ ಒಂದು ವರ್ಷದ ಮಟ್ಟಿಗೆ ಘೋಷಿಸಿತ್ತು. 2016ರಲ್ಲಿ ಮೊಕಾಮಾದಲ್ಲಿ ಬೇಟೆಗಾರರನ್ನು ಕರೆಸಿ 200ಕ್ಕೂ ಹೆಚ್ಚು ಪ್ರಾಣಿಗಳನ್ನು ಹೊಡೆಸಲಾಯಿತು. ದೇಶದಾದ್ಯಂತ ಗದ್ದಲವೂ ಆಯಿತು. ಹೊಡೆಯುವ ಮೊದಲು ಎಷ್ಟಿದ್ದವು, ಹೊಡೆದ ಮೇಲೆ ಎಷ್ಟು ಉಳಿದವು, ಬೆಳೆ ಹಾನಿ ಎಷ್ಟು ಇಳಿಯಿತು ಎಂಬ ಮೂರು ಲೆಕ್ಕಗಳು ಕೈಯಲ್ಲಿಲ್ಲದೆ ಇಂಥ ತೀರ್ಮಾನ ಮಾಡಿದರೆ ಅದು ಸಿಟ್ಟಿಗೆ ಸಮಾಧಾನ ಅಷ್ಟೇ.

ಬೇಟೆಗೆ ಅನುಮತಿ ಇರುವ ಕಡೆಯೂ ಈ ಜಗಳ ತಪ್ಪಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಬೇಟೆ ಕಾನೂನುಬದ್ಧ. 1940ರ ದಶಕದಲ್ಲಿ ಆಲ್ಡೊ ಲಿಯೊಪೋಲ್ಡ್ ಎಂಬ ವಿಜ್ಞಾನಿ, ಜಿಂಕೆ ಹೆಚ್ಚಾಗಿ ಕಾಡು ಸವೆಯುತ್ತಿದೆ, ಚಳಿಗಾಲದಲ್ಲಿ ಹಸಿವಿನಿಂದ ಸಾಯುತ್ತಿವೆ, ಹೆಣ್ಣು ಜಿಂಕೆಗಳನ್ನೂ ಹೊಡೆಯಲು ಬಿಡಿ ಎಂದರು. ಅದನ್ನು ಜೋರಾಗಿ ವಿರೋಧಿಸಿದವರು ಬೇಟೆಗಾರರೇ! 1943ರಲ್ಲಿ ಅನುಮತಿ ಕೊಟ್ಟಾಗ ಜಿಂಕೆ ಸಂತತಿಯೇ ಮುಗಿಯಿತು ಎಂದು ಕೂಗಾಡಿದರು. ಅಲ್ಲಿ ವಿಜ್ಞಾನಿ ಹೆಚ್ಚು ಎಂದ, ಬೇಟೆಗಾರ ಕಡಿಮೆ ಎಂದ. ನಮ್ಮ ಟೀ ಅಂಗಡಿಯಲ್ಲಿ ತಿರುಗುಮುರುಗು. ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿ ಹೊಡೆದ ಪ್ರತಿ ಜಿಂಕೆಯನ್ನೂ ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಹಾಗಾಗಿ ಬೇಟೆಗಾರನಿಗೆ ಗೊತ್ತಿದ್ದದ್ದು ದಾಖಲೆಯಾಗಿ ಉಳಿಯುತ್ತದೆ. ನಮ್ಮಲ್ಲಿ ಬೇಟೆ ಅಪರಾಧ. ಅದು ಅಪರಾಧವಾಗಿಯೇ ಇರಬೇಕು. ಆದರೆ ಅದರಿಂದ ಹಳೇ ಬೇಟೆಗಾರರು ಬಾಯಿ ಮುಚ್ಚಿಕೊಂಡಿದ್ದಾರೆ. ತಿಳಿದದ್ದನ್ನು ಯಾರಿಗೂ ಹೇಳದೆ ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ. ನಮ್ಮ ಊರಲ್ಲಿ ಅಜ್ಜಯ್ಯನ ಜೊತೆ ಬಿಲ್ಲಿಗೆ ನಿಲ್ಲುತ್ತಿದ್ದವರಲ್ಲಿ ಈಗ ಬದುಕಿರುವವರು ಇಬ್ಬರೇ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಎಷ್ಟು ಜಿಂಕೆ ಇವೆ ಎಂದು ತೀರ್ಮಾನಿಸುವುದು ಗೆರೆ ಹಿಡಿದು ನಡೆದು ಎಣಿಸುವವರ ಕೆಲಸ. ಆದರೆ ಯಾವ ಹಳ್ಳದಲ್ಲಿ ಯಾವ ಪ್ರಾಣಿ ಇತ್ತು, ಯಾವಾಗಿನಿಂದ ಇಲ್ಲ ಎಂಬುದನ್ನು ಈ ಮುದುಕರಿಂದ ಈಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ವಿಜ್ಞಾನಿಗಳ ಗಣತಿ ನಮ್ಮ ಕಾಡುಗಳಲ್ಲಿ ಶುರುವಾಗಿ ಸುಮಾರು ನಾಲ್ಕು ದಶಕವಷ್ಟೇ ಆಗಿದೆ. ಅದಕ್ಕೂ ಹಿಂದಿನದು ಇರುವುದು ಇವರ ನೆನಪಿನಲ್ಲಿ ಮಾತ್ರ. ಜೀವಶಾಸ್ತ್ರ, ಕನ್ನಡ, ಸಮಾಜಶಾಸ್ತ್ರ ಓದುವ ಯಾರು ಬೇಕಾದರೂ ಇದನ್ನು ತಮ್ಮ ಪ್ರಾಜೆಕ್ಟ್ ಆಗಿ ಮಾಡಬಹುದು. ಹೆಸರು ಬರೆಯಬೇಕಿಲ್ಲ, ಯಾರು ಹೊಡೆದರು ಎಂದು ಕೇಳಬೇಕಿಲ್ಲ. ಪ್ರಾಣಿಯ ಹೆಸರು, ಜಾಗ, ಅಂದಾಜು ವರ್ಷ, ಇಷ್ಟು ಸಾಕು. ಅಜ್ಜಯ್ಯನಿಗೆ ಇಸವಿ ನೆನಪಿರುವುದಿಲ್ಲ. ‘ನಿಮ್ಮಪ್ಪ ಹುಟ್ಟಿದ ವರ್ಷ’, ‘ತೋಟಕ್ಕೆ ಕರೆಂಟು ಬಂದ ವರ್ಷ’ ಎನ್ನುತ್ತಾರೆ. ಅದನ್ನು ಇಸವಿ ಮಾಡುವುದು ನಮ್ಮ ಕೆಲಸ.

ಹೋದ ತಿಂಗಳು ಅಜ್ಜಯ್ಯನನ್ನು ನಿಧಾನವಾಗಿ ನಡೆಸಿಕೊಂಡು ತೋಟದ ಮೇಲಿನ ಬೇಲಿಯವರೆಗೆ ಹೋಗಿದ್ದೆ. ಬೇಲಿಯಾಚೆಗೆ ಒಂದು ಸಣ್ಣ ತೊರೆ. ಊರವರೆಲ್ಲ ಅದನ್ನು ಕಡವೆಹಳ್ಳ ಎಂದೇ ಕರೆಯುತ್ತಾರೆ. ನಾನು ಹುಟ್ಟಿ 24 ವರ್ಷವಾದರೂ ಅಲ್ಲಿ ಒಂದು ಕಡವೆಯನ್ನೂ ಕಂಡಿಲ್ಲ. ಹೆಸರು ಯಾಕೆ ಬಂತು ಎಂದು ಕೇಳಬೇಕು ಅಂತಲೂ ಅನಿಸಿರಲಿಲ್ಲ. ಅಜ್ಜಯ್ಯ ಕೋಲೂರಿ ನಿಂತು ಬಹಳ ಹೊತ್ತು ಆಚೆ ನೋಡಿದರು. ‘ಎಲ್ಲಿ ಹೋದವು ಅಂತ ನನ್ನ ಕೇಳ್ಬೇಡ ಮಗ, ನಂಗೆ ಗೊತ್ತು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಕೆಲಸ ಸಿಕ್ಕಿದ್ರೆ ಈ ಕಡೆಗೇ ಹಾಕಿಸ್ಕೊ. ವಾಪಸ್ ಬಂದ್ರೆ ಬರ್ಕೊಳ್ಳೋಕೆ ಒಬ್ಬ ಬೇಕಲ್ಲ’ ಎಂದು ಮನೆ ಕಡೆ ತಿರುಗಿದರು.

ನಾನು ಆ ದಿನವೇ 100 ಪುಟದ ಒಂದು ನೋಟ್‌ಬುಕ್ ಕೊಂಡು, ಮೊದಲ ಪುಟದಲ್ಲಿ ‘ಕಡವೆಹಳ್ಳ’ ಎಂದು ಬರೆದಿದ್ದೇನೆ. ನಿಮ್ಮೂರಲ್ಲೂ ಇಂಥ ಒಂದು ಹೆಸರು ಇದ್ದೀತು. ಈ ಸಲ ರಜೆಗೆ ಹೋದಾಗ ಕೇಳಿ ನೋಡಿ.