ಉಂಡ ಊಟ ಮತ್ತು ಉಳಿದ ಪಗಾರ

ಶಿಗ್ಗಾಂವಿಯಲ್ಲಿ ಹೆದ್ದಾರಿಯ ಬದಿಗೆ ನನಗೆ ಪರಿಚಯದ ಒಂದು ಅಂಗಡಿಯಿದೆ. ಮೊದಲು ಅಲ್ಲಿ ಮಿರ್ಚಿ, ಗಿರಮಿಟ್ಟು ಸಿಗುತ್ತಿದ್ದವು; ಈಗ ಗೋಬಿ ಮಂಚೂರಿ ಬಂದಿದೆ, ಜೊತೆಗೆ 'ಫಾಸ್ಟ್ ಫುಡ್' ಎಂಬ ಫಲಕವೂ. ಒಂದು ಸಂಜೆ ಬಸ್ಸು ಕಾಯುತ್ತ ಚಹಕ್ಕೆಂದು ಅಲ್ಲಿ ಕುಳಿತಿದ್ದೆ. ಕೆಲಸ ಬಿಟ್ಟು ಊರಿಗೆ ಹೊರಟ ತರುಣನೊಬ್ಬ ತನ್ನ ಲೆಕ್ಕ ಚುಕ್ತಾ ಮಾಡಬೇಕೆಂದು ಕೇಳುತ್ತಿದ್ದ. ಮಾಲೀಕರು ಯಾವ ಕಾಗದವನ್ನೂ ನೋಡಲಿಲ್ಲ, ಬೆರಳು ಮಡಚಿದರು. ಜಾತ್ರೆಗೆ ಕೊಟ್ಟ ಮುಂಗಡ, ಜ್ವರದಲ್ಲಿ ಮಲಗಿದ ದಿನಗಳು, ಒಡೆದ ಪ್ಲೇಟು, ಎರಡು ಹೊತ್ತಿನ ಊಟ ಎಲ್ಲ ಕಳೆದ ಮೇಲೆ ಉಳಿದದ್ದು ಬಸ್ಸಿನ ಖರ್ಚಿಗಿಂತ ತುಸು ಹೆಚ್ಚು.

"ಊಟದ್ದೂ ಹಿಡೀತೀರೇನ್ರೀ?" ಎಂದ ಹುಡುಗ.

ಮಾಲೀಕರು ನನ್ನ ಕಡೆ ತಿರುಗಿ, "ನೋಡ್ರಿ ಮಾಸ್ತರ, ಮನೀ ಮಗನ್ಹಾಂಗ ಇಟ್ಕೊಂಡಿದ್ದೆ" ಎಂದರು. ನಾನು ತಲೆಯಾಡಿಸಿ ಚಹಾ ಕುಡಿದೆ. ಹಾಗೆ ತಲೆಯಾಡಿಸಿದ್ದಕ್ಕೆ ಇಂದಿಗೂ ನಾಚುತ್ತೇನೆ.

ಮನೆಯ ಮಗ ಉಂಡ ಅನ್ನಕ್ಕೆ ಯಾವ ತಂದೆ ದುಡ್ಡು ಹಿಡಿಯುತ್ತಾನೆ? ಮಗನಲ್ಲ, ಆಳು ಎನ್ನುವುದಾದರೆ ಅವನ ಪಗಾರದ ಚೀಟಿ ಎಲ್ಲಿದೆ? ಹಾನಗಲ್ಲಿನ ಖಾನಾವಳಿಯಲ್ಲಾಗಲಿ, ಸವಣೂರಿನ ಚಹಾದಂಗಡಿಯಲ್ಲಾಗಲಿ, ಹಿರೇಕೆರೂರಿನ ಬಸ್ ನಿಲ್ದಾಣದ ಹೋಟೆಲಿನಲ್ಲಾಗಲಿ ನಾನು ಕೇಳಿದ ಮಾತು ಇದೇ: ದುಡಿಸುವಾಗ ಮಗ, ಲೆಕ್ಕಕ್ಕೆ ಕುಳಿತಾಗ ಆಳು. ಇಂಥ ಅಂಗಡಿಗಳಲ್ಲಿ ಇರುವವರೇ ಮೂರೋ ನಾಲ್ಕೋ ಜನ. ಅವರಲ್ಲೊಬ್ಬ ಮಾಲೀಕರ ಸೋದರಳಿಯ. ಸಂಘ ಕಟ್ಟುವವರು ಯಾರು? ಮಂಗಳೂರಿನಲ್ಲಿ 1949ರ ಸುಮಾರಿಗೆ ಹೋಟೆಲು ಕಾರ್ಮಿಕರನ್ನು ಸಂಘಟಿಸಲು ಜಾರ್ಜ್ ಫರ್ನಾಂಡಿಸರಂಥ ತರುಣರಿದ್ದರು. ಮುಂಬಯಿಯ ಹೋಟೆಲುಗಳಲ್ಲಿ ದುಡಿದ ಕನ್ನಡದ ಹುಡುಗರಿಗೆ ರಾತ್ರಿಶಾಲೆಗಳಿದ್ದವು. ನಮ್ಮ ತಾಲೂಕು ಪೇಟೆಗಳಲ್ಲಿ ನಾನು ಎರಡನ್ನೂ ಕಂಡಿಲ್ಲ.

ಕಾಯಿದೆಯಿಲ್ಲವೆಂದಲ್ಲ. ದಿನಕ್ಕೆ 9 ತಾಸು, ವಾರಕ್ಕೆ 48 ತಾಸು, ಮೀರಿದರೆ ಇಮ್ಮಡಿ ಕೂಲಿ ಎಂದು ಕರ್ನಾಟಕದ ಅಂಗಡಿ ಹಾಗೂ ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರಲ್ಲಿಯೇ ಹೇಳಿತು. ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧ 2006ರ ಅಕ್ಟೋಬರ್ 10ರಂದು ಜಾರಿಗೆ ಬಂತು. ಲೋಟ ತೊಳೆಯುವ ಎಳೆಯ ಕೈಗಳು ಆಮೇಲೆ ಕಡಿಮೆಯಾದುದನ್ನು ನಾನೇ ಬಲ್ಲೆ. 1948ರ ಕನಿಷ್ಠ ವೇತನ ಕಾಯಿದೆಯ ಸ್ಥಾನಕ್ಕೆ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ಕೊಡಬೇಕು. ಏನೇ ಹಿಡಿದರೂ ಕಡಿತ ಪಗಾರದ ಅರ್ಧವನ್ನು ಮೀರಬಾರದು. ತಕರಾರು ಹೂಡಲು ಮೂರು ವರ್ಷ ಅವಕಾಶವುಂಟು. ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ: ಪಗಾರ ಬಂದಿಲ್ಲವೆಂದು ಕೆಲಸಗಾರ ದೂರಿದರೆ, ಕೊಟ್ಟಿದ್ದೇನೆಂದು ಸಿದ್ಧಪಡಿಸುವ ಹೊಣೆ ಮಾಲೀಕನದು. ಮಡಚಿದ ಬೆರಳು ಅಲ್ಲಿ ಸಾಕ್ಷಿಯಾಗದು. ಆದರೆ ಈ ಮಾತನ್ನು ಆ ಹುಡುಗನಿಗೆ ತಿಳಿಸಬೇಕಾದವರು ಯಾರು? ಅಂದು ಅವನ ಪಕ್ಕದಲ್ಲಿ ಚಹಾ ಕುಡಿಯುತ್ತ ಕುಳಿತವನು ಓದು ಬಲ್ಲ ನಾನೊಬ್ಬನೇ.

ಮಾಲೀಕರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಎಣ್ಣೆ, ಸಿಲಿಂಡರು, ಬಾಡಿಗೆ, ಬಡ್ಡಿ ಯಾವುದೂ ಅವರ ಕೈಯಲ್ಲಿಲ್ಲ. "ನಾನೂ ಪ್ಲೇಟ್ ತೊಳೆದು ಮೇಲೆ ಬಂದವನು" ಎನ್ನುತ್ತಾರೆ, ನಿಜವೇ ಇರಬೇಕು. ಆದರೆ ಪ್ಲೇಟು ತೊಳೆದ ಕೈಗೆ ತಿಂಗಳ ಕೊನೆಯಲ್ಲಿ ಏನು ಬೇಕೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮುಂದಿನ ವಾರ ಒಂದು ನೋಟುಪುಸ್ತಕ ಕೊಂಡು ಅಲ್ಲಿಗೆ ಹೋದೆ. ತಾರೀಖು, ತಾಸು, ಮುಂಗಡ, ಇಬ್ಬರ ಸಹಿ ಎಂದು ಗೆರೆ ಹಾಕಿಯೂ ಕೊಟ್ಟೆ. "ಇಷ್ಟು ಮಂದಿಗೆ ಪುಸ್ತಕ ಯಾಕ್ರಿ ಮಾಸ್ತರ?" ಎಂದು ಮಾಲೀಕರು ನಕ್ಕರು. ಅವರ ಬೆನ್ನಹಿಂದೆ ಮೊಳೆಗೆ ಹಾಲಿನವನ ಪುಸ್ತಕ ನೇತಾಡುತ್ತಿತ್ತು. ದಿನವೂ ಅರ್ಧ ಲೀಟರಿನವರೆಗೆ ಲೆಕ್ಕ, ತಿಂಗಳ ಕೊನೆಗೆ ಸಹಿ.