ಒಂದು ನದಿ, ಹಲವು ಮೀನುಲೋಕ

ಉಗಮದಿಂದ ಅಳಿವೆಯವರೆಗೆ ನದಿಯೆಂದರೆ ಒಂದೇ ನೀರು ಎಂಬುದು ಯೋಜನೆ ರೂಪಿಸುವವರ ಲೆಕ್ಕ. ಮೀನುಗಳ ಲೆಕ್ಕ ಬೇರೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯ ಸುಮಾರು 130 ಕಿ.ಮೀ. ಹಾದಿಯೇ ಇದಕ್ಕೆ ಸಾಕ್ಷಿ.

ತಲೆಹಳ್ಳಗಳಲ್ಲಿ ನೀರು ತಂಪು, ಓಟ ಚುರುಕು, ತಳವೆಲ್ಲ ಕಲ್ಲು. ಅಲ್ಲಿ ನೆಲೆಸಿರುವವು ಕಲ್ಲಿಗಾತು ಸೆಳೆತವನ್ನು ತಾಳಬಲ್ಲ, ನೀಳಮೈಯ ಪುಟ್ಟ ಮೀನುಗಳು. ದಟ್ಟ ನೆರಳಿನಲ್ಲಿ ಪಾಚಿ ಬೆಳೆಯುವುದು ಕಡಿಮೆ. ದಡದ ಮರಗಳಿಂದ ಉದುರಿದ ಎಲೆಯನ್ನು ಹುಳುಗಳು, ಹುಳುಗಳನ್ನು ಮೀನುಗಳು ತಿನ್ನುತ್ತವೆ. ಈ ಕಣಿವೆಯಿಂದ 2004ರಲ್ಲಿ ಬಟಾಸಿಯೋ ಶರಾವತಿಯೆನ್ಸಿಸ್, 2006ರಲ್ಲಿ ಶಿಸ್ಟುರಾ ಕುಲದ ಎರಡು ಪ್ರಭೇದಗಳು ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದವು. ನಿತ್ಯಹರಿದ್ವರ್ಣ ಕಾಡು ಉಳಿದಿರುವ ಹಳ್ಳಗಳಲ್ಲೇ ಪಶ್ಚಿಮಘಟ್ಟಕ್ಕೆ ಸೀಮಿತವಾದ ಮೀನುಗಳು ಹೆಚ್ಚೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ತೋರಿಸಿದೆ.

ಕೆಳಗಿಳಿದಂತೆ ಹೊಳೆ ಅಗಲವಾಗಿ ಬಿಸಿಲು ಬೀಳುತ್ತದೆ, ಮಡುಗಳು ಆಳವಾಗುತ್ತವೆ. ಪಾಚಿ ಮೇಯುವ, ಕೆಸರು ಕೆದಕುವ, ಬೇಟೆಯಾಡುವ ಮೀನುಗಳು ಸೇರಿ ಸಂಖ್ಯೆಯೂ ವೈವಿಧ್ಯವೂ ಹೆಚ್ಚುತ್ತವೆ. ಅಳಿವೆಯಲ್ಲಿ ಉಪ್ಪು ಸಿಹಿನೀರು ಬೆರೆತಲ್ಲಿ ಕಡಲ ಮೀನುಗಳ ಮರಿಗಳೂ ಬೆಳೆಯುತ್ತವೆ. ಈ ಲೋಕಗಳ ನಡುವೆ ಓಡಾಟವೂ ಉಂಟು. ಮೊದಲ ಮಳೆಗೆ ಹತ್ತುಮೀನು ಮೊಟ್ಟೆಯಿಡಲು ಮೇಲೇರುತ್ತದೆ. ಹೊಳೆಯ ಹಾವುಮೀನು ಸಂತಾನಕ್ಕಾಗಿ ಕಡಲಿಗಿಳಿಯುತ್ತದೆ.

1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು, ಅನಂತರದ ಗೇರುಸೊಪ್ಪೆ ಅಣೆಕಟ್ಟು ಈ ಸರಣಿಯನ್ನು ತುಂಡರಿಸಿದವು. ಹರಿವ ಹೊಳೆ ನಿಂತ ನೀರಾದಲ್ಲಿ ಓಟದ ನೀರನ್ನೇ ನಂಬಿದ ಮೀನುಗಳಿಗೆ ಎಡೆಯಿಲ್ಲ. ವಿದ್ಯುದಾಗಾರಗಳಿಂದ ವರ್ಷವಿಡೀ ಇಳಿಯುವ ಸಿಹಿನೀರಿನಿಂದ ಅಳಿವೆಯ ಉಪ್ಪಿನಂಶ ತಗ್ಗಿ, ಬಳಚಿನಂಥ ಚಿಪ್ಪುಜೀವಿಗಳು ಬಹುಮಟ್ಟಿಗೆ ಮರೆಯಾದವು. ನೆರೆಯ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಬಳಚು ಆರಿಸಿ ಬದುಕುವ ಕುಟುಂಬಗಳು ಇಂದಿಗೂ ಇವೆ. 2024ರಲ್ಲಿ ಅದು ರಾಮ್ಸಾರ್ ತಾಣವೂ ಆಯಿತು.

ಆದುದರಿಂದ ಒಂದೆಡೆ ಮುಳುಗಿಸಿದ ಹೊಳೆಗೆ ಬದಲಾಗಿ ಇನ್ನೊಂದೆಡೆ ಮೀನುಮರಿ ಬಿಡುತ್ತೇವೆಂಬ ಪರಿಹಾರ ಪರಿಹಾರವೇ ಅಲ್ಲ. ಬಿಡುವ ಕಾಟ್ಲಾ, ರೋಹು ಗಂಗಾ ಬಯಲಿನ ಮೀನುಗಳು. ತಲೆಹಳ್ಳದ ಕಲ್ಲುಮೀನಿನ ಸ್ಥಾನವನ್ನು ಅವು ತುಂಬಲಾರವು. ಯಾವುದೇ ಹೊಸ ಯೋಜನೆಗೆ ಮುನ್ನ ಉಗಮ, ನಡುಹೊಳೆ, ಅಳಿವೆ ಮೂರರಲ್ಲೂ, ಮಳೆಗಾಲ ಬೇಸಗೆಗಳೆರಡರಲ್ಲೂ ಮೀನುಗಳ ಗಣತಿ ನಡೆಯಬೇಕೆಂದು ಗ್ರಾಮಸಭೆಗಳು ಒತ್ತಾಯಿಸಬೇಕು. ದಡದ ಮರಗಳನ್ನು ಉಳಿಸುವುದು, ಹತ್ತುಮೀನಿನ ಕಾಲದಲ್ಲಿ ಬಲೆ ತಡೆಯುವುದು, ಮಡುಗಳಿಗೆ ವಿಷ, ಸಿಡಿಮದ್ದು ಬೀಳದಂತೆ ಕಾಯುವುದು ಊರಿನವರ ಕೈಯಲ್ಲೇ ಇದೆ. ತಮ್ಮೂರ ಹಳ್ಳದ ಮೀನುಗಳ ಹೆಸರು, ಕಾಲ, ನೆಲೆಗಳನ್ನು ಹಿರಿಯರಿಂದ ಕೇಳಿ ವಿದ್ಯಾರ್ಥಿಗಳು ಬರೆದಿಟ್ಟರೆ, ನಾಳಿನ ಅಹವಾಲು ಸಭೆಯಲ್ಲಿ ಹೊಳೆಯ ಪರವಾಗಿ ಮಂಡಿಸಲು ಅದಕ್ಕಿಂತ ಗಟ್ಟಿಯಾದ ದಾಖಲೆ ಬೇರೊಂದಿರದು.